ಅಸಿಧಾರಾಳ ಎರಡನೇ ರೂಪ

ಸರಸ್ವತಿಯ ಫೋನು ಬಂದಾಗ ಕೇಶವಮೂರ್ತಿಗಳು ಘಾಟ್ಕೋಪರಿನ ಒಂದು ಮಾಲಿನ ನಾಲ್ಕನೇ ಮಹಡಿಯಲ್ಲಿ, ಸಭಾಂಗಣದ ಹಿಂದಿನ ಉಗ್ರಾಣದಂಥ ಕೋಣೆಯಲ್ಲಿ, ಒಂದು ಕೈಯಲ್ಲಿ ಮಗಳ ಖಡ್ಗ, ಇನ್ನೊಂದು ಕೈಯಲ್ಲಿ ಅವಳ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಖಡ್ಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಫೋನು ಎತ್ತಿದರು.

"ಏನೂಂದ್ರೆ, ಮೈಬಣ್ಣದ್ದು ಇಲ್ಲೇ ಬಿದ್ದಿದೆ!"

"ಯಾವುದು ಕಣೇ?"

"ಅದೇ ರೀ, ದರ್ಜಿ ಹತ್ರ ಹೊಲಿಸಿದ್ದು, ಕವಚದ ಒಳಗೆ ಹಾಕ್ಕೊಳ್ಳೋದು. ಉದ್ದ ತೋಳಿಂದು. ನೀಟಾಗಿ ಮಡಿಸಿ ದಿಂಬಿನ ಕೆಳಗೆ ಇಟ್ಟು ಹೋಗಿದಾಳೆ. ಹಾಗಾದ್ರೆ ಒಳಗೆ ಏನು ಹಾಕಿದಾಳ್ರೀ ಅವಳು?"

ಕೇಶವಮೂರ್ತಿಗಳು ತಲೆ ಎತ್ತಿ ನೋಡಿದರು. ಹತ್ತು ಹೆಜ್ಜೆ ಆಚೆ, ಸ್ಪರ್ಧಿಗಳ ಸಾಲಿನಲ್ಲಿ, ಸಾಧನಾ ನಿಂತಿದ್ದಳು. ಕುತ್ತಿಗೆಯಿಂದ ಸೊಂಟದವರೆಗೆ, ಭುಜದಿಂದ ಮಣಿಕಟ್ಟಿನವರೆಗೆ ತಾಮ್ರದ ಬಣ್ಣದ ಹುರುಪೆ ಹುರುಪೆ ಕವಚ. ಒಳಗೆ ಏನಿದೆಯೋ ಆ ಭಗವಂತನಿಗೇ ಗೊತ್ತು.

"ಕೇಳಿ ನೋಡ್ತೀನಿ ಇರು," ಎಂದರು.

"ಕೇಳೋದಲ್ಲ, ನಿಲ್ಲಿಸಿ. ಸ್ಟೇಜ್ ಮೇಲೆ ಕವಚ ಬಿಚ್ಚಬೇಕಂತಲ್ಲ? ಎಲ್ಲ ಫೋನಲ್ಲಿ ಲೈವ್ ಹೋಗತ್ತಂತೆ. ಮೈಸೂರಲ್ಲಿ ನಿಮ್ಮ ತಮ್ಮ ವಸಿಷ್ಠನ ಮಕ್ಕಳು ನೋಡಿದ್ರೆ? ಅದು ಕಂಡುಬಿಟ್ರೆ ಏನು ಗತಿ?"

ಅದು. ಆ ಮನೆಯಲ್ಲಿ ತೊನ್ನು ಎಂಬ ಪದವನ್ನು ಯಾರೂ ಬಾಯಿ ತಪ್ಪಿಯೂ ಆಡಿದವರಲ್ಲ. 'ಅದು' ಎನ್ನುವುದೇ ಅದರ ಹೆಸರು. 'ಅದಕ್ಕೆ ಮುಲಾಮು ಹಚ್ಚಿದೆಯಾ?' 'ಅದು ಕಾಣದ ಹಾಗೆ ಬಟ್ಟೆ ಹಾಕ್ಕೋ.' ವಡಾಲದ ಕಾಲೋನಿಯಲ್ಲಿ ಹುಟ್ಟಿ, ಹಿಂದಿಯಲ್ಲಿ ಜಗಳವಾಡಿ, ಇಂಗ್ಲಿಷಿನಲ್ಲಿ ಓದಿ, ಮನೆಯಲ್ಲಿ ಮಾತ್ರ ತಡವರಿಸುತ್ತಾ ಕನ್ನಡವಾಡುವ ಸಾಧನಾ, ಆ ಕಾಯಿಲೆಗೆ ಕನ್ನಡದಲ್ಲಿ 'ಅದು' ಅಂತಲೇ ಹೇಳುತ್ತಾರೆಂದು ಕಾಲೇಜು ಸೇರುವವರೆಗೆ ನಂಬಿದ್ದಳು. ಹನ್ನೊಂದನೇ ವಯಸ್ಸಿನಲ್ಲಿ ಮೊಣಕೈ ಹತ್ತಿರ ಒಂದು ಬಿಳಿ ಮಚ್ಚೆ ಎದ್ದಿತು, ರೂಪಾಯಿ ಬಿಲ್ಲೆಯಷ್ಟು. ಡಾಕ್ಟರು ನೋಡಿದರು. ಇದು ಯಾರಿಗೂ ಅಂಟುವುದಿಲ್ಲ, ನೋವಿಲ್ಲ, ಮಗುವನ್ನು ಈಜಲು ಕಳಿಸಿ, ಆಡಲು ಬಿಡಿ, ನೀವು ಸುಮ್ಮನಿರಿ ಎಂದರು. ಗಂಡಹೆಂಡಿರು ಸುಮ್ಮನಿರುವ ಬದಲು ಆ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟರು. ಮುಂಬಯಿಯ ಮೇ ತಿಂಗಳಲ್ಲಿ, ಮೈ ಬೆವರಿ ಗಂಜಿಯಾಗುವ ಸೆಖೆಯಲ್ಲಿ, ಹುಡುಗಿಗೆ ಹನ್ನೊಂದು ವರ್ಷ ತುಂಬು ತೋಳಿನ ಅಂಗಿ. ಈಗ ಅವಳಿಗೆ ಇಪ್ಪತ್ತೆರಡು.

ಇಂಥ ಹುಡುಗಿಗೆ ಕವಚ ತೊಡುವ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ? ಕಂಪ್ಯೂಟರ್ ಗೇಮುಗಳ ಪಾತ್ರಗಳಂತೆ ವೇಷ ಕಟ್ಟಿಕೊಂಡು ಬರುವ ಸ್ಪರ್ಧೆಗಳಿವೆಯೆಂದು ಅವಳು ಹೇಳಿದಾಗ ಕೇಶವಮೂರ್ತಿಗಳು ಮೊದಲು ಮೂಗು ಮುರಿದಿದ್ದರು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಅಸಿಧಾರಾಳನ್ನು ಕಂಡರು. ಯುದ್ಧದ ಗೇಮಿನ ನಾಯಕಿ. ಮುಖ ಬಿಟ್ಟರೆ ಒಂದು ಚೂರು ಮೈ ಕಾಣದಂತೆ ಕವಚ. ಸಂಸ್ಕೃತದ ಹೆಸರು ಬೇರೆ! ಮುದುಕರಿಗೆ ಆಕೆ ಹಿಡಿಸಿಬಿಟ್ಟಳು. "ಕವಚ ನಾನು ಮಾಡಿಕೊಡ್ತೀನಿ," ಎಂದು ತಾವೇ ಮುಂದೆ ಬಿದ್ದರು.

ಅವರಿಗೆ ಆ ಕೈಚಳಕವಿತ್ತು. ಫೋರ್ಟಿನ ವಿಮಾ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕಡತ ತಿರುವಿ ನಿವೃತ್ತರಾದ ಮನುಷ್ಯ ನಿಜ, ಆದರೆ ಹುಟ್ಟಿದ್ದು ಮೈಸೂರಿನಲ್ಲಿ. ದಸರಾ ಬಂದರೆ ವಡಾಲದ ಎರಡು ಕೋಣೆಯ ಮನೆಯಲ್ಲೂ ಒಂಬತ್ತು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವವರು. ಪಟ್ಟದ ಗೊಂಬೆಗಳಿಗೆ ಪೇಟ, ಜರಿ ಸೀರೆ, ಮಣಿ ಸರ ಎಲ್ಲ ಅವರದೇ ಕೈಯಿಂದ ಆಗಬೇಕು. ಗೊಂಬೆಗೆ ಉಡಿಸುವ ಕ್ರಮವೇ ಬೇರೆ. ಸೆರಗು ಜಾರದಂತೆ ನಾಲ್ಕು ಹೊಲಿಗೆ, ನೆರಿಗೆಯ ತುದಿಗೆ ಗಮ್ಮು, ಒಮ್ಮೆ ಉಡಿಸಿದರೆ ಉಡಿಸಿದ್ದೇ, ಬಿಚ್ಚುವ ಮಾತಿಲ್ಲ. ಅವರ ತಾಯಿ ರಾಣಿ ಗೊಂಬೆಗೆ ಉಡಿಸಿದ ಸೀರೆ ಇವತ್ತಿಗೂ ಆ ರಾಣಿಯ ಮೈಮೇಲೇ ಇದೆ.

ಕವಚವನ್ನೂ ಅವರು ಹಾಗೇ ಕಟ್ಟಿದರು. ಯೋಗದ ಚಾಪೆ ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿ, ಹುರುಪೆಗಳನ್ನು ಒಂದೊಂದಾಗಿ ಅಂಟಿಸಿ, ಐದು ತಿಂಗಳು. ಮೊದಲ ಸಲ ತೊಡಿಸಿ ಬೆನ್ನಿಗೆ ಹೊಲಿಗೆ ಹಾಕಲು ಸೂಜಿ ಎತ್ತಿದಾಗ ಸಾಧನಾ ಬಿದ್ದು ಬಿದ್ದು ನಕ್ಕಿದ್ದಳು.

"ಅಪ್ಪ, ನಾನು ಗೊಂಬೆ ಅಲ್ಲ ಯಾರ್! ನಾನು ಇದರಿಂದ ಹೊರಗೆ ಬರ್ಬೇಕು."

ಅವಳೇ ಕೂತು ಬೆನ್ನಿನ ಸೀಳಿಗೆ ನಾಲ್ಕು ವೆಲ್ಕ್ರೋ ಪಟ್ಟಿ ಹಚ್ಚಿದಳು. ಚರ್ ಚರ್ ಎಂದು ನಾಲ್ಕನ್ನೂ ಎಳೆದರೆ ಇಡೀ ಕವಚ, ತೋಳುಗಳ ಸಮೇತ, ಮುಂದಕ್ಕೆ ಜಾರಿ ಬೀಳುತ್ತಿತ್ತು. ಯಾಕೆ ಅಷ್ಟು ಸುಲಭವಾಗಿ ಬೀಳಬೇಕೆಂಬುದು ಅವರಿಗೆ ತಿಳಿದದ್ದು ಹೋದ ವಾರವಷ್ಟೇ. ಮಗಳು ಆಡುತ್ತಿದ್ದಳು, ಇವರು ಪಕ್ಕದಲ್ಲಿ ಕೂತು ಕಡಲೆಬೀಜ ಸುಲಿಯುತ್ತಿದ್ದರು. ಅವಳು ಒಂದು ಗುಂಡಿ ಒತ್ತಿದಳು ನೋಡಿ, ಅಸಿಧಾರಾಳ ಕವಚವೆಲ್ಲ ಕಳಚಿ ಬಿತ್ತು! ಬರಿದೋಳಿನ ಒಬ್ಬ ಸಾದಾ ಹುಡುಗಿ ಬಿರಬಿರನೆ ಓಡತೊಡಗಿದಳು.

"ಅಯ್ಯೋ, ಇದೇನೇ ಇದು?"

"ಅವಳ ಸೆಕೆಂಡ್ ಫಾರ್ಮ್ ಅಪ್ಪ. ಕವಚ ಇಲ್ದಿದ್ರೆ ಡಬಲ್ ಸ್ಪೀಡ್."

"ಏಟು ಬಿದ್ದರೆ?"

"ಒಂದೇ ಏಟು, ಖತಮ್."

"ಮತ್ತೆ ಯಾಕೆ ಬಿಚ್ಚಬೇಕು ಮಹರಾಯಿತಿ, ತೊಟ್ಟುಕೊಂಡೇ ಓಡಬಾರದಾ?"

"ಲಾಸ್ಟ್ ಬಾಗಿಲು ತುಂಬಾ ಚಿಕ್ಕದು ಅಪ್ಪ. ಕವಚ ಹಾಕ್ಕೊಂಡ್ರೆ ಅದರಲ್ಲಿ ಹೋಗೋಕೆ ಆಗಲ್ಲ." ಕಣ್ಣು ಪರದೆಯಿಂದ ತೆಗೆಯದೆ ಸೇರಿಸಿದಳು: "ಫೈನಲ್ಲಲ್ಲೂ ಇದೇ ಮಾಡ್ಬೇಕು. ಸ್ಟೇಜ್ ಮೇಲೆ ಎರಡೂ ರೂಪ. ತೀಸ್ ಸೆಕೆಂಡ್, ಮೂವತ್ತು ಸೆಕೆಂಡ್ ಒಳಗೆ."

ಆ ರಾತ್ರಿಯೇ ಸರಸ್ವತಿ ದರ್ಜಿಗೆ ಫೋನು ಮಾಡಿ ಮೈಬಣ್ಣದ ತುಂಬು ತೋಳಿನ ಒಳ ಅಂಗಿಗೆ ಹೇಳಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮೂವರೂ ಒಪ್ಪಿಕೊಂಡಿದ್ದರು. ಮೂವರೂ ಎಂದು ಕೇಶವಮೂರ್ತಿಗಳು ತಿಳಿದಿದ್ದರು.

ಈಗ ಅವರು ಸಾಲಿನ ಹತ್ತಿರ ಹೋಗಿ, ಖಡ್ಗವನ್ನು ಮಗಳ ಕೈಗೆ ಕೊಟ್ಟು, ಅವಳ ಕಿವಿಯ ಬಳಿ ಬಗ್ಗಿದರು. "ಪುಟ್ಟೀ, ಮೈಬಣ್ಣದ ಅಂಗಿ ಮರೆತು ಬಂದಿದೀಯಂತೆ."

"ಮರೆತಿಲ್ಲ. ಬಿಟ್ಟು ಬಂದೆ."

"ಬಿಟ್ಟು ಬಂದೆ ಅಂದ್ರೆ?"

"ಅಸಿಧಾರಾ ಕವಚ ಬಿಚ್ಚಿ, ಅದರ ಒಳಗೆ ಇನ್ನೊಂದು ಕವಚ ಹಾಕ್ಕೊಂಡಿರ್ತಾಳಾ? ಬ್ಲ್ಯಾಕ್ ಸ್ಲೀವ್‌ಲೆಸ್ ಇದೆ ಒಳಗೆ. ಸಾಕು." ಅವಳು ಅವರ ಕಡೆ ತಿರುಗದೆ ಸೇರಿಸಿದಳು: "ಅಪ್ಪ, ಈಗ ಏನೂ ಹೇಳ್ಬೇಡ, ಪ್ಲೀಸ್. ಏನಾದ್ರೂ ಹೇಳಿದ್ರೆ ನಾನು ಓಡಿ ಹೋಗ್ತೀನಿ. ಹಿಂದೆ ಮೇಲಿನ ಪಟ್ಟಿ ಮೂಲೆ ಎದ್ದಿದೆ ಅನ್ಸತ್ತೆ, ನೋಡು. ಸ್ವಲ್ಪ ಗಮ್ ಹಾಕು. ಮೂಲೇಲಿ ಮಾತ್ರ, ಹಾಂ?"

ಅವಳು ಬೆನ್ನು ತಿರುಗಿಸಿ ತಲೆ ಬಗ್ಗಿಸಿ ನಿಂತಳು. ಚಿಕ್ಕವಳಿದ್ದಾಗ ಜಡೆ ಹಾಕಿಸಿಕೊಳ್ಳಲು ಹೀಗೇ ನಿಲ್ಲುತ್ತಿದ್ದಳು.

ಮಾಲಿನ ಬಾಗಿಲಲ್ಲಿ ಕಾವಲಿನವನು ಕೇಶವಮೂರ್ತಿಗಳ ಗೊಂಬೆ ಅಲಂಕಾರದ ಸಾಮಾನಿನ ಪೆಟ್ಟಿಗೆ ಜಾಲಾಡಿ ಕತ್ತರಿ, ಬ್ಲೇಡು ತೆಗೆದಿಟ್ಟುಕೊಂಡಿದ್ದ. ಗಮ್ಮು ಅಪಾಯದ ವಸ್ತುವೆಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಬೆರಳಿಗೆ ಒಂದು ಹನಿ ಬಿದ್ದರೆ ಬೆರಳೇ ಅಂಟಿಕೊಳ್ಳುವ ಗಮ್ಮು. ಅವರು ಎದ್ದಿದ್ದ ಮೂಲೆಗೆ ಒಂದು ಹನಿ ಹಾಕಿದರು. ಅಲ್ಲಿಗೆ ಕೆಲಸ ಮುಗಿಯಿತು. ಕೈ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಮೇಲಿನ ಪಟ್ಟಿಯ ಉದ್ದಕ್ಕೂ ಗಮ್ಮು ಎಳೆದರು. ಎರಡನೆಯದಕ್ಕೆ. ಮೂರನೆಯದಕ್ಕೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅವರ ಕೈಗೆ ಗೊಂಬೆಗೆ ಉಡಿಸುವಾಗಿನ ಸ್ಥಿರತೆ ಬಂದುಬಿಟ್ಟಿತ್ತು. ಬಿಚ್ಚಿಕೊಳ್ಳದಿದ್ದರೆ ಏನು ಗಂಟು ಹೋಗುತ್ತದೆ? ಎರಡನೇ ರೂಪಕ್ಕೆ ಅಂಕ ಸಿಗುವುದಿಲ್ಲ, ಅಷ್ಟೇ ತಾನೇ! ಪಟ್ಟಿಗಳನ್ನು ಹೆಬ್ಬೆರಳಿನಿಂದ ಒತ್ತಿ ಹತ್ತು ಎಣಿಸಿದರು.

"ಆಯ್ತಾ?"

"ಆಯ್ತು."

"ಥ್ಯಾಂಕ್ಸ್ ಅಪ್ಪ," ಎಂದಳು ಸಾಧನಾ.

ಏನು ಮಾಡಿದೆ ನಾನು? ಸಾಲು ಮುಂದೆ ಸರಿಯಿತು. ಹೇಳಿಬಿಡಲೇ? ಹೇಳಿದರೆ ಮುಖ ಹೇಗೆ ತೋರಿಸುವುದು? ಕಿತ್ತುಹಾಕೋಣವೆಂದರೆ ಕತ್ತರಿಯಿಲ್ಲ. ಅಷ್ಟರಲ್ಲಿ ಕೈಯಲ್ಲಿ ಸ್ಪರ್ಧಿಗಳ ಪಟ್ಟಿ ಹಿಡಿದು, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಸುಕೇಶ್ ಬಂದ. ಸಾಧನಾಳ ಸಹಪಾಠಿ, ಘಾಟ್ಕೋಪರಿನಲ್ಲೇ ಹೋಟೆಲಿಟ್ಟಿರುವ ಉಡುಪಿಯವರ ಮಗ. ಇವತ್ತಿನ ಕಾರ್ಯಕ್ರಮಕ್ಕೆ ಮೈಕು ಹಿಡಿಯುವವನೂ ಅವನೇ.

"ಅಂಕಲ್, ನೀವು ಯಾಕೆ ಇಷ್ಟು ಬೆವರ್ತಾ ಇದ್ದೀರಿ ಮಾರಾಯ್ರೆ? ಸಾಧನಾ ಕೂಲ್ ಇದ್ದಾಳೆ, ನಿಮ್ಮದೇ ಟೆನ್ಶನ್."

ಕುಂಬಳಕಾಯಿ ಕಳ್ಳನಂತೆ ಕೇಶವಮೂರ್ತಿಗಳು ಗಮ್ಮಿನ ಕೈಯನ್ನು ಜೇಬಿಗೆ ಹಾಕಿಕೊಂಡರು. "ಸುಕೇಶ್, ಒಂದು ಕತ್ತರಿ ಸಿಗತ್ತಾ?"

"ಈಗಾ? ಅವಳದ್ದೇ ನಂಬರ್ ಅಂಕಲ್," ಎಂದವನು ಸಾಧನಾಳನ್ನು ಕರೆದುಕೊಂಡು ನಡೆದೇ ಬಿಟ್ಟ.

ಕೇಶವಮೂರ್ತಿಗಳು ಪಕ್ಕದ ಪರದೆಯ ಸಂದಿಯಲ್ಲಿ ನಿಂತರು. ಬೆಳಕು ಬಿತ್ತು. ಅಸಿಧಾರಾ ಖಡ್ಗವೆತ್ತಿ ಮೂರು ಹೆಜ್ಜೆ ಇಟ್ಟಳು ನೋಡಿ, ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ತಾವು ಅಂಟಿಸಿದ ಒಂದೊಂದು ಹುರುಪೆಯೂ ಬೆಳಕಿಗೆ ಮಿಂಚುವುದನ್ನು ಅವರು ಕಂಡರು. ಬೇರೆ ದಿನವಾಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಈಗ ಅವರ ಕಣ್ಣು ಬೆನ್ನಿನ ಪಟ್ಟಿಗಳ ಮೇಲೇ ಇತ್ತು.

ಸುಕೇಶ್ ಮೈಕಿನಲ್ಲಿ ಕೂಗಿದ: "ಔರ್ ಅಬ್... ಸೆಕೆಂಡ್ ಫಾರ್ಮ್! ತೀಸ್ ಸೆಕೆಂಡ್!"

ಹಿಂದಿನ ದೊಡ್ಡ ಪರದೆಯಲ್ಲಿ ಅಂಕಿ ಇಳಿಯತೊಡಗಿತು. ಸಾಧನಾ ಖಡ್ಗ ಕೆಳಗಿಟ್ಟು ಕೈಗಳನ್ನು ಬೆನ್ನಿಗೆ ಒಯ್ದಳು. ಎಳೆದಳು. ಮತ್ತೆ ಎಳೆದಳು. ಚರ್ ಎನ್ನಲಿಲ್ಲ. ಇಪ್ಪತ್ತೈದು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಭುಜ ಕುಣಿಸಿದಳು, ಬಗ್ಗಿದಳು, ಉಗುರಿನಿಂದ ಪಟ್ಟಿಯ ಅಂಚು ಕೆರೆದಳು. ಇಪ್ಪತ್ತೊಂದು. "ಅಟಕ್ ಗಯಾ!" ಸಿಕ್ಕಿಕೊಂಡಿತೆಂದು ಒಬ್ಬ ಕೂಗಿದ, ನಗು ಹಿಂದಿನ ಸಾಲಿನವರೆಗೆ ಹಬ್ಬಿತು. ದೀಪದ ಶಾಖದಲ್ಲಿ ಅವಳ ಮುಖ ಕೆಂಪಾಗಿ, ಕಣ್ಣು ಗಾಬರಿಯಿಂದ ಅತ್ತಿತ್ತ ಹುಡುಕಿ, ಪರದೆಯ ಸಂದಿಯಲ್ಲಿ ನಿಂತ ತಂದೆಯನ್ನು ಕಂಡಿತು.

"ಅಪ್ಪಾ!"

ಬೇಲಿಯೇ ಎದ್ದು ಹೊಲ ಮೇಯ್ದಿದೆ, ಈಗ ಹೊಲ ಬೇಲಿಯನ್ನೇ ಕರೆಯುತ್ತಿದೆ. ಮೂರು ಮೆಟ್ಟಿಲನ್ನು ಹೇಗೆ ಹತ್ತಿದರೋ ಕೇಶವಮೂರ್ತಿಗಳಿಗೆ ನೆನಪಿಲ್ಲ. ಮಗಳ ಬೆನ್ನ ಹಿಂದೆ ನಿಂತಿದ್ದರು, ಸಾವಿರ ಕಣ್ಣುಗಳೆದುರು, ಇಸ್ತ್ರಿ ಷರಟು, ಕನ್ನಡಕದಲ್ಲಿ.

"ಅಪ್ಪ, ಎಲ್ಲ ಪಟ್ಟೀನೂ ಅಂಟಿದೆ. ನೀನು ಮೂಲೆಗೆ ಮಾತ್ರ ಹಾಕಿದೆ ತಾನೆ?"

ಗಮ್ಮು ಹರಿದುಬಂದಿರಬೇಕು ಪುಟ್ಟೀ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು, ಅವಳು ನಂಬಿಯೂಬಿಡುತ್ತಿದ್ದಳು. ಹದಿನಾರು. ಹದಿನೈದು.

"ಇಲ್ಲ," ಎಂದರು. "ನಾಲ್ಕಕ್ಕೂ ನಾನೇ ಹಾಕಿದೆ. ಬಿಚ್ಚಬಾರದು ಅಂತ."

ಸಾಧನಾಳ ಬೆನ್ನು ಕಲ್ಲಾಯಿತು. ಅವಳು ತಿರುಗಿ ನೋಡಲಿಲ್ಲ. ಒಂದು ಉಸಿರು ಎಳೆದಳು, ಅದು ಅಳುವಿನಂತೆ ಕೇಳಿಸಿತು.

"ಹರಿ," ಎಂದಳು.

"ಪುಟ್ಟೀ, ಐದು ತಿಂಗಳ..."

"ಹರಿದು ಹಾಕು ಅಪ್ಪ!"

ಅವರು ಪಟ್ಟಿಯ ಪಕ್ಕದಲ್ಲಿ ಬೆರಳು ತೂರಿಸಿ ಎಳೆದರು. ಗಮ್ಮು ಬಿಡಲಿಲ್ಲ, ಚಾಪೆಯೇ ಹರಿಯಿತು. ಹುರುಪೆಗಳು ಉದುರಿದವು. ಒಂದು ಪಟ್ಟಿ, ಎರಡು, ಹೆಬ್ಬೆರಳಿನ ಉಗುರು ಮುರಿಯಿತು, ಮೂರು. ನಗುತ್ತಿದ್ದ ಸಭೆ ಯಾವಾಗಲೋ ಸುಮ್ಮನಾಗಿ, ಈಗ ಒಟ್ಟಿಗೆ ಅಂಕಿ ಎಣಿಸುತ್ತಿತ್ತು. ಆರು. ಐದು. ನಾಲ್ಕನೆಯ ಪಟ್ಟಿ ಕಿತ್ತುಬಂತು. ಕವಚ ಸಡಿಲವಾಗಿ ಮುಂದಕ್ಕೆ ವಾಲಿತು.

ವಾಲಿತು, ಬೀಳಲಿಲ್ಲ. ಕೇಶವಮೂರ್ತಿಗಳು ಅದರ ಭುಜಗಳೆರಡನ್ನೂ ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಹಿಡಿಯಬೇಕೆಂದು ಹಿಡಿದದ್ದಲ್ಲ. ಹನ್ನೊಂದು ವರ್ಷ ಮಗಳ ತೋಳು ಸರಿದಾಗಲೆಲ್ಲ ಎಳೆದು ಸರಿಮಾಡಿದ ಕೈಗಳು, ತಮ್ಮ ಪಾಡಿಗೆ ತಾವು ಹಿಡಿದಿದ್ದವು. ಮೂರು. ಎರಡು. ಬಿಡು ಎಂದು ಮನಸ್ಸು ಕೂಗುತ್ತಿದೆ, ಬೆರಳು ಬಿಡಿಸಲಾಗುತ್ತಿಲ್ಲ. ಒಂದು. ಗಂಟೆ ಬಾರಿಸಿತು. ಪರದೆಯಲ್ಲಿ ಸೊನ್ನೆ.

"ಬಿಡು ಅಪ್ಪ," ಎಂದಳು ಸಾಧನಾ, ಮೆಲ್ಲಗೆ.

ಅವರು ಬಿಟ್ಟರು.

ಬಿದ್ದ ಸದ್ದೇ ಆಗಲಿಲ್ಲ, ಚಾಪೆಯ ಕವಚ ತಾನೇ. ಕಪ್ಪು ತೋಳಿಲ್ಲದ ಅಂಗಿಯಲ್ಲಿ ಸಾಧನಾ ನಿಂತಿದ್ದಳು, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಅಸಿಧಾರಾ ಓಡುವ ಮುನ್ನ ಚಾಚುವ ಹಾಗೆ. ಕೇಶವಮೂರ್ತಿಗಳಿಗೆ ಗೊತ್ತಿದ್ದದ್ದು ಮೊಣಕೈ ಹತ್ತಿರದ ರೂಪಾಯಿಯಷ್ಟು ಬಿಳುಪು. ಈಗ ಭುಜದಿಂದ ಮಣಿಕಟ್ಟಿನವರೆಗೆ ಎರಡೂ ತೋಳು ಬಿಳಿ. ನಡುನಡುವೆ ಮಾತ್ರ ಅಲ್ಲೊಂದು ಇಲ್ಲೊಂದು ಗೋಧಿಬಣ್ಣದ ದ್ವೀಪ ಉಳಿದಿತ್ತು. ಇದು ಯಾವಾಗ ಹೀಗಾಯಿತು? ಯಾವ ವರ್ಷ ಮೊಣಕೈ ದಾಟಿತು, ಯಾವ ವರ್ಷ ಭುಜಕ್ಕೆ ಬಂತು? ಒಂದೇ ಮನೆಯಲ್ಲಿದ್ದೂ ಅವರಿಗೆ ತಿಳಿಯದು. ಕಣ್ಣು ತುಂಬಿ ಬಂದು ಕನ್ನಡಕ ಮಂಜಾಯಿತು.

ತೀರ್ಪುಗಾರರಲ್ಲೊಬ್ಬಾಕೆ ವೇದಿಕೆಯ ಬಳಿ ಬಂದು, ಒದ್ದೆ ಟಿಷ್ಯೂ ಕಾಗದದಿಂದ ಸಾಧನಾಳ ತೋಳನ್ನು ಮೆಲ್ಲಗೆ ಉಜ್ಜಿದಳು. ಬಣ್ಣ ಬಿಡುತ್ತದೆಯೇ ಎಂದು ಎಲ್ಲರನ್ನೂ ಹಾಗೇ ಪರೀಕ್ಷಿಸುತ್ತಿದ್ದರು.

"ಬಹುತ್ ಅಚ್ಛಾ ಕಾಮ್ ಹೈ. ಕೌನ್ ಸಾ ಪೇಂಟ್?"

ಕೇಶವಮೂರ್ತಿಗಳೇ ಮುಂದೆ ಬಂದರು.

"ಪೇಂಟ್ ನಹೀ ಮೇಡಂ. ತೊನ್ನು... ಸಫೇದ್ ದಾಗ್. ಮೇರಿ ಬೇಟೀ ಕಾ ಹೈ. ಉಜ್ಜಬೇಡಿ." ಕೊನೆಯದು ಕನ್ನಡದಲ್ಲೇ ಬಂದುಬಿಟ್ಟಿತು, ಸ್ವಲ್ಪ ಜೋರಾಗಿಯೇ.

ಆಕೆ ಕೈ ಹಿಂದೆಗೆದು, ಸಾರಿ, ಸಾರಿ ಎಂದಳು. ಮುಂದಿನ ಸಾಲಿನಿಂದ ಯಾರೋ ಚಪ್ಪಾಳೆ ಶುರುಮಾಡಿದರು. ಕೆಲವರು ತಟ್ಟಿದರು, ಕೆಲವರು ಫೋನು ಎತ್ತಿ ಹಿಡಿದರು, ಕೆಲವರು ನೋಡಬಾರದೆಂದು ಬೇರೆಲ್ಲೋ ನೋಡಿದರು. ಆಮೇಲೆ ತೀರ್ಪುಗಾರರು ತಲೆಗೆ ತಲೆ ಕೊಟ್ಟು ಮಾತಾಡಿಕೊಂಡರು. ನಿಯಮ ನಿಯಮವೇ. ಹೊತ್ತು ಮೀರಿತ್ತು, ಬೇರೆಯವರ ಸಹಾಯ ಬೇರೆ. ಸಾಧನಾಳ ಹೆಸರು ಪಟ್ಟಿಯಿಂದ ಹೋಯಿತು. ಸುಕೇಶ್ ಅದನ್ನು ಮೈಕಿನಲ್ಲಿ ಹೇಳುವಾಗ ಅವಳ ಕಡೆ ನೋಡಲಿಲ್ಲ.

ಅಪ್ಪ ಮಗಳು ಸ್ಟೇಷನ್ನಿಗೆ ನಡೆದರು. ಹರಿದ ಕವಚದ ಮೂಟೆ ಅವರ ಹೆಗಲ ಮೇಲೆ. ಮೂರೂವರೆಯ ಬಿಸಿಲು, ಪ್ಲಾಟ್‌ಫಾರ್ಮಿನಲ್ಲಿ ಜನ ಜಾತ್ರೆ. ಬರುವವರು ಹೋಗುವವರು ಅವಳ ತೋಳನ್ನು ನೋಡುತ್ತಿದ್ದರು, ನೋಡಿ ಅವಳ ಮುಖ ನೋಡುತ್ತಿದ್ದರು. ಕೇಶವಮೂರ್ತಿಗಳಿಗೆ ಒಂದೊಂದು ನೋಟವೂ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ತಡೆಯಲಾರದೆ ಚೀಲದಿಂದ ಅವಳ ತುಂಬು ತೋಳಿನ ಶರ್ಟು ಹೊರತೆಗೆದರು.

"ಹಾಕ್ಕೋ ಪುಟ್ಟೀ. ಬಿಸಿಲು."

"ನೀನೇ ಹಾಕ್ಕೋ," ಎಂದಳು.

ಲೋಕಲ್ ಬಂತು. ಅವಳು ಹೆಂಗಸರ ಡಬ್ಬಿಗೆ ಹತ್ತಿದಳು, ಇವರು ಪಕ್ಕದ್ದಕ್ಕೆ. ನಡುವಿನ ಜಾಲರಿಯಾಚೆ, ಮೇಲಿನ ಹಿಡಿ ಹಿಡಿದು ಅವಳು ನಿಂತಿರುವುದು ಕಾಣುತ್ತಿತ್ತು. ಮೇಲೆತ್ತಿದ ಬಿಳಿ ತೋಳು. ಪಕ್ಕದ ಹೆಂಗಸೊಬ್ಬಳು ಏನೋ ಕೇಳಿದಳು. ಸಾಧನಾ ಏನೋ ಹೇಳಿದಳು. ಆಕೆ ತಲೆಯಾಡಿಸಿ ಒಂದಿಷ್ಟು ಸರಿದು ಜಾಗ ಕೊಟ್ಟಳು. ಅಸಹ್ಯದಿಂದ ಸರಿದಳೋ ಅಕ್ಕರೆಯಿಂದ ಸರಿದಳೋ, ಜಾಲರಿಯ ಈಚೆಯಿಂದ ಹೇಳುವುದು ಹೇಗೆ? ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಏನಾಯ್ತು ರೀ? ನಿಲ್ಲಿಸಿದ್ರಾ? ಇಲ್ಲಿ ನೆಟ್ಟೇ ಬರ್ತಿಲ್ಲ, ಹುಚ್ಚು ಹಿಡಿದ ಹಾಗಾಗಿದೆ. ಯಾರಾದ್ರೂ ನೋಡಿದ್ರಾ?"

"ನೋಡಿದ್ರು."

"ಅಯ್ಯೋ ದೇವರೇ! ಎಷ್ಟು ಜನ?"

"ಎಲ್ಲರೂ ನೋಡಿದ್ರು ಸರಸೂ. ನಾನೂ ನೋಡಿದೆ." ರೈಲಿನ ಸದ್ದಿಗೆ ಧ್ವನಿ ಏರಿಸಬೇಕಾಯಿತು. "ಎರಡೂ ಕೈ ಕಣೇ, ಪೂರ್ತಿ. ನನಗೆ ಗೊತ್ತೇ ಇರಲಿಲ್ಲ. ನಿನಗೆ ಗೊತ್ತಿತ್ತಾ?"

ಆ ಕಡೆ ಸರಸ್ವತಿ ಮಂಚದ ಮೇಲೆ ಕೂತ ಸದ್ದು ಕೇಳಿಸಿತು.

"ನಾನು ಆ ಮೊಣಕೈದಷ್ಟೇ ನೋಡಿದ್ದು ರೀ. ಎರಡೂ ಕೈನಾ?" ಎಂದು ಕೇಳಿದಳು.